ಎತ್ತಿನ ಜೂಲ, ಕುದುರೆಯ ಕವಚ

ಅಲಂಕಾರಶಾಸ್ತ್ರದ ಪಾಠ ಹೇಳಿ ಹೊಟ್ಟೆ ಹೊರೆಯುವವನು ಕಂಪ್ಯೂಟರ್ ಆಟದ ವಿಷಯ ಬರೆಯಹೊರಟರೆ ವಾಚಕರು ಹುಬ್ಬೇರಿಸುವುದು ಸಹಜ. ಕಾವ್ಯ, ಕಾದಂಬರಿ, ನಾಟಕಗಳ ಮಾತು ಬರಬೇಕಾದ ಪುಟದಲ್ಲಿ ಹುಡುಗರ ಆಟಕ್ಕೇನು ಕೆಲಸ ಎಂದು ಕೇಳುವವರೂ ಇದ್ದಾರು. ಅವರಲ್ಲಿ ನನ್ನ ಅರಿಕೆ ಇಷ್ಟೆ. ಕಳೆದ ಮಾಘಮಾಸದಲ್ಲಿ ನನ್ನ ಮನೆಯೊಳಗೇ ಎದ್ದ ಒಂದು ಪ್ರಶ್ನೆ, ನಾನು ಹದಿನೆಂಟು ವರ್ಷ ತರಗತಿಯಲ್ಲಿ ಹೇಳುತ್ತ ಬಂದ ಪಾಠವನ್ನೇ ಅಲುಗಿಸಿಬಿಟ್ಟಿತು. ಪ್ರಶ್ನೆ ಬಂದದ್ದು ಆಟದಿಂದ. ಆದರೆ ಅದು ಕೇಳುತ್ತಿದ್ದುದು ಅಲಂಕಾರದ ವಿಷಯವನ್ನೇ. ಹಾಗಿರುವಾಗ ವಿಮರ್ಶೆಯ ಪುಟದಲ್ಲಿ ಅದಕ್ಕೂ ಒಂದು ಮೂಲೆ ಸಿಕ್ಕರೆ ತಪ್ಪಾಗಲಾರದು.

ನಾವಿರುವುದು ಹಳಿಯಾಳದಲ್ಲಿ. ಮಗಳು ಆಗ ಪಿ.ಯು. ಎರಡನೆಯ ವರ್ಷದಲ್ಲಿದ್ದಳು. ಬಿಡುವಾದಾಗ ಅವಳು ಒಂದು ಆಟವಾಡುತ್ತಾಳೆ. ಆಟದ ಹೆಸರು ಇಲ್ಲಿ ಮುಖ್ಯವಲ್ಲ. ಎದುರಾಳಿಯಿಲ್ಲ, ಜೊತೆಗಾರರಿಲ್ಲ, ನೋಡುವವರಿಲ್ಲ. ಒಬ್ಬರೇ ಕುಳಿತು ಆಡುವ ಆಟ. ಕುದುರೆಯೇರಿದ ಒಬ್ಬ ಹುಡುಗಿ ಯಾವುದೋ ಹಾಳುಬಿದ್ದ ರಾಜ್ಯದಲ್ಲಿ ಕಳೆದುಹೋದ ತಮ್ಮನನ್ನು ಹುಡುಕುತ್ತ ಅಲೆಯುತ್ತಾಳೆ. ಅದೂ ಒಂದು ಬಗೆಯ ಕಾದಂಬರಿಯೇ. ಓದುವುದಕ್ಕೆ ಬದಲಾಗಿ ನಡೆಯಬೇಕು, ಅಷ್ಟೆ. ರಿಯಾಯಿತಿಯ ದಿನಗಳಲ್ಲಿ ಆರುನೂರು ರೂಪಾಯಿಗೆ ಅದನ್ನು ಕೊಂಡದ್ದೂ ನನಗೆ ಗೊತ್ತಿತ್ತು. ಒಂದು ಸಂಜೆ ಬಂದು ಬಾಗಿಲಲ್ಲಿ ನಿಂತಳು.

“ಅಪ್ಪಾ, ನಿನ್ನ ಫೋನಿನಿಂದ ನಾಕನೂರಾ ಐವತ್ತು ರೂಪಾಯಿ ಕಳಿಸ್ತೀಯೇನು? ಅಜ್ಜಿ ಕೊಟ್ಟ ರೊಕ್ಕ ನನ್ನ ಕಡೆ ಅದ, ನಿನಗ ಕೊಡ್ತೀನಿ.”

“ಯಾತಕ್ಕ?”

“ಆಟದಾಗಿನ ನನ್ನ ಹುಡುಗಿಗೆ ಒಂದು ಡ್ರೆಸ್ಸು.”

“ಅದನ್ನ ಹಾಕ್ಕೊಂಡ್ರ ಆಕಿ ಶಕ್ತಿ ಹೆಚ್ಚಾಗ್ತದೇನು?”

“ಇಲ್ಲ. ಬರೇ ಚೆಂದ ಕಾಣ್ತಾಳ.”

“ಯಾರಿಗೆ? ನೀ ಒಬ್ಬಾಕಿನ ಆಡೂದು. ಯಾರು ನೋಡ್ತಾರ?”

“ನಾ ನೋಡ್ತೀನಲ್ಲ!”

ಉತ್ತರ ಹೊಳೆಯದಿದ್ದಾಗ ತಂದೆಯಾದವನು ಹೇಳುವ ಮಾತನ್ನೇ ನಾನೂ ಹೇಳಿದೆ: “ಪರೀಕ್ಷೆ ಮುಗೀಲಿ, ನೋಡೋಣು.” ಅವಳು ಹೋದಳು. ಮಾತು ಹೋಗಲಿಲ್ಲ.

ಈ ವ್ಯಾಪಾರದ ಪರಿಚಯವಿಲ್ಲದ ವಾಚಕರಿಗಾಗಿ ಅದರ ಸ್ವರೂಪವನ್ನು ಒಂದಿಷ್ಟು ಹೇಳಬೇಕು. ಆಟವನ್ನು ಪೂರ್ತಿ ಬೆಲೆ ಕೊಟ್ಟು ಕೊಂಡ ಮೇಲೆಯೂ ಅದಕ್ಕೆ ಬೇರೆಬೇರೆ ಚೂರುಗಳನ್ನು ಬೇರೆಬೇರೆ ಬೆಲೆಗೆ ಮಾರುತ್ತಾರೆ. ಕೆಲವು ಹೊಸ ಕಥೆಯನ್ನೋ ಹೊಸ ಊರನ್ನೋ ಸೇರಿಸುತ್ತವೆ. ಅವುಗಳ ಮಾತು ಇಲ್ಲಿ ಬೇಡ. ಇನ್ನು ಕೆಲವು ನೋಟವನ್ನು ಮಾತ್ರ ಬದಲಿಸುತ್ತವೆ. ಬಟ್ಟೆ, ಕೂದಲು, ಕತ್ತಿಯ ಹಿಡಿ, ಕುದುರೆಯ ಜೀನು. ಆಟದ ನಡೆಗೆ ಇವುಗಳಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹುಡುಗರು ಇದನ್ನು ‘ಸ್ಕಿನ್’ ಎನ್ನುತ್ತಾರೆ, ಎಂದರೆ ಚರ್ಮ. ತೊಗಲಿನಷ್ಟೇ ಆಳ ಎಂದು ಹೆಸರಿಟ್ಟವರೇ ಒಪ್ಪಿಕೊಂಡಂತಾಯಿತು. ಹಣ ಪಣಕ್ಕಿಡುವ ಆಟಗಳೊಡನೆ ಇದನ್ನು ಗೊಂದಲ ಮಾಡಿಕೊಳ್ಳಬಾರದು. ಅಂಥವುಗಳನ್ನು 2025ರ ಆಗಸ್ಟಿನಲ್ಲಿ ಕೇಂದ್ರದ ಕಾನೂನೇ ನಿಷೇಧಿಸಿತು. ಇಲ್ಲಿ ಜೂಜಿಲ್ಲ; ಅಂಗಡಿಯ ವ್ಯಾಪಾರ ಮಾತ್ರ.

ಈ ವ್ಯಾಪಾರದಲ್ಲಿ ಹೆಸರಾದ ಮೊದಲ ಸರಕು, ವಿನೋದವೆಂದರೆ, ಒಂದು ಕುದುರೆಯ ಕವಚ. 2006ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಬೆಥೆಸ್ಡಾ ಕಂಪನಿ ತನ್ನ ‘ಆಬ್ಲಿವಿಯನ್’ ಎಂಬ ಆಟದ ಕುದುರೆಗಳಿಗೆ ಲೋಹದ ಕವಚವನ್ನು ಎರಡೂವರೆ ಡಾಲರಿಗೆ ಮಾರಿತು. ಅದೂ ಒಬ್ಬರೇ ಆಡುವ ಆಟ. ಆಡುವವರ ಲೋಕ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಇಲ್ಲದ ಕುದುರೆಗೆ ಇಲ್ಲದ ಕವಚ, ಕೊಡಬೇಕಾದ ಹಣ ಮಾತ್ರ ನಿಜ! ‘ಕುದುರೆಯ ಕವಚ’ ಎಂಬುದು ಅವರಲ್ಲಿ ಗಾದೆಯಾಗಿಬಿಟ್ಟಿತು. ಆದರೆ ನಕ್ಕವರಲ್ಲಿ ಕೊಂಡವರೂ ಇದ್ದರು. 2025ರಲ್ಲಿ ಅದೇ ಆಟವನ್ನು ಹೊಸದಾಗಿ ಮೆರುಗು ಕೊಟ್ಟು ತಂದಾಗ, ದುಬಾರಿ ಆವೃತ್ತಿ ಕೊಂಡವರಿಗೆ ಕುದುರೆಗೆ ಹೊಸ ಕವಚವೂ ದೊರೆಯಿತು. ಹತ್ತೊಂಬತ್ತು ವರ್ಷದಲ್ಲಿ ನಗೆಯ ವಸ್ತು ಗೌರವದ ಕಾಣಿಕೆಯಾಯಿತು.

ನಾನೂ ನಗುವವರ ಪಕ್ಷದವನೇ. ಮಗಳು ಕೇಳಿದ ಮರುದಿನ ತರಗತಿಯಲ್ಲಿ ಅಲಂಕಾರದ ಪಾಠವಿತ್ತು. ಕನ್ನಡದ ಮೊದಲ ಲಕ್ಷಣಗ್ರಂಥವಾದ ‘ಕವಿರಾಜಮಾರ್ಗ’ದ ಮೂರು ಪರಿಚ್ಛೇದಗಳಲ್ಲಿ ಎರಡು ಅಲಂಕಾರಕ್ಕೇ ಮೀಸಲು. ಒಂಬತ್ತನೆಯ ಶತಮಾನದಷ್ಟು ಹಿಂದೆಯೇ ನಮ್ಮವರು ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರೆಂಬುದನ್ನು ಹೇಳಿ, ವಾಡಿಕೆಯ ಮಾತನ್ನು ಸೇರಿಸಿದೆ: ಅಲಂಕಾರವೆಂಬುದು ನೋಡುವವರಿಗಾಗಿ, ನೋಡುವವರಿಲ್ಲದಲ್ಲಿ ಅಲಂಕಾರಕ್ಕೆ ಅರ್ಥವಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ತಾಲ್ಲೂಕಿನ ಒಂದು ಹಳ್ಳಿಯ ರೈತರ ಮಗ.

“ಸರ, ಉಳವಿಗೆ ಹೋಗೂ ಮುಂದ ಎತ್ತಿಗೆ ಜೂಲ ಹಾಕ್ತಾರಲ್ರಿ, ಅದು ಯಾರು ನೋಡ್ಲೆಂತ ಹಾಕ್ತಾರ್ರಿ?”

ತರಗತಿ ನಕ್ಕಿತು. ನನಗೆ ನಗೆ ಬರಲಿಲ್ಲ.

ಜೋಯಿಡಾ ತಾಲ್ಲೂಕಿನ ಉಳವಿಯಲ್ಲಿ ಶರಣ ಚನ್ನಬಸವಣ್ಣನ ಸಮಾಧಿಯಿದೆ. ಭಾರತ ಹುಣ್ಣಿಮೆಯ ಸುಮಾರಿನಲ್ಲಿ ನಡೆಯುವ ಅಲ್ಲಿನ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ರೈತರು ಇಂದಿಗೂ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಹಳಿಯಾಳ, ದಾಂಡೇಲಿಯ ದಾರಿಯಲ್ಲಿ ಆ ದಿನಗಳಲ್ಲಿ ಗೆಜ್ಜೆಯ ಸದ್ದು ಕೇಳದ ರಾತ್ರಿಯಿಲ್ಲ. ಎತ್ತುಗಳ ಮೈಮೇಲೆ ಕಸೂತಿಯ ಜೂಲ, ಕೊಂಬಿಗೆ ಹಿತ್ತಾಳೆಯ ಕೋಡಣಸು, ಹಣೆಗೆ ಗೊಂಡೆ, ಕೊರಳಿಗೆ ಗೆಜ್ಜೆಸರ. ಕಾಗದದ ಕಾರ್ಖಾನೆಯ ಹೊಗೆಯನ್ನು ಹಿಂದೆ ಬಿಟ್ಟು, ಕಾಳಿ ನದಿಯ ಸೀಮೆಯ ದಟ್ಟ ಅಡವಿಯನ್ನು ಹೊಕ್ಕು, ಅವು ಉಳವಿಯ ಕಡೆಗೆ ನಡೆಯುತ್ತವೆ.

ನಾನು ಹತ್ತು ವರ್ಷದವನಿದ್ದಾಗ ನಮ್ಮ ತಂದೆಯೊಡನೆ ಹಾಗೆ ಹೋಗಿದ್ದೆ. ದಾಂಡೇಲಿ ದಾಟಿದ ಮೇಲೆ ಒಂದು ಹಳ್ಳದ ದಂಡೆಯಲ್ಲಿ ಚಕ್ಕಡಿ ಬಿಟ್ಟು ರಾತ್ರಿ ಕಳೆದೆವು. ಬೆಳಗಿನ ಜಾವ ಎಚ್ಚರವಾಗಿ ನೋಡಿದರೆ ತಂದೆ ಕಂದೀಲು ಹಚ್ಚಿಕೊಂಡು ಎತ್ತುಗಳ ಮೈ ತೊಳೆದು, ಒರೆಸಿ, ಜೂಲ ಹೊದಿಸುತ್ತಿದ್ದರು. ಕತ್ತಲು ಇನ್ನೂ ಹರಿದಿರಲಿಲ್ಲ. ಸುತ್ತ ಅಡವಿ, ಮೇಲೆ ಚುಕ್ಕಿ. ನಾನು ಕಂಬಳಿಯೊಳಗಿಂದಲೇ ಕೇಳಿದ್ದೆ: “ಅಪ್ಪಾ, ಈ ಅಡವ್ಯಾಗ ಯಾರು ನೋಡ್ತಾರ?”

ಅವರು ತಿರುಗಿಯೂ ನೋಡದೆ ಹೇಳಿದ್ದರು: “ನೋಡೋರು ಸಲುವಾಗಿ ಹಾಕ್ತಾರೇನೋ ಹುಚ್ಚಪ್ಪಾ? ಎತ್ತು ನಮ್ಮದು.”

ಮೂವತ್ತೈದು ವರ್ಷದ ಹಿಂದಿನ ನನ್ನ ಪ್ರಶ್ನೆಯನ್ನೇ ನಾನು ಮಗಳಿಗೆ ಕೇಳಿದ್ದೆ. ನನ್ನ ತಂದೆ ಕೊಟ್ಟ ಉತ್ತರವನ್ನೇ ಅವಳು ಬೇರೆ ಮಾತಿನಲ್ಲಿ ಕೊಟ್ಟಿದ್ದಳು. ನಡುವೆ ನಿಂತ ನಾನೊಬ್ಬನೇ ಶಾಸ್ತ್ರ ಓದಿ ಅದನ್ನು ಮರೆತಿದ್ದೆ.

ಆದ್ದರಿಂದ ಮೊದಲನೆಯ ಆಕ್ಷೇಪವನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಒಬ್ಬರೇ ಆಡುವ ಆಟದಲ್ಲಿ ಉಡುಪನ್ನು ನೋಡುವವರಿಲ್ಲ ಎಂಬುದು ಆಕ್ಷೇಪವೇ ಅಲ್ಲ. ಹತ್ತು ಜನ ಕೂಡಿ ಆಡುವ ಆಟದಲ್ಲಿ ಹುಡುಗರು ಉಡುಪು ಕೊಳ್ಳುವುದರಲ್ಲಿ ಅರ್ಧ ಭಾಗ ಮೆರೆದಾಟ, ಇನ್ನರ್ಧ ಭಾಗ ಗೆಳೆಯರೆದುರು ಬಡವನಂತೆ ಕಾಣುವ ಭಯ. ಒಬ್ಬರೇ ಆಡುವಲ್ಲಿ ಈ ಎರಡೂ ಇಲ್ಲ. ಹೊರಗೆ ಹೋಗುವ ಕೆಲಸವಿಲ್ಲದ ದಿನವೂ ಬೈತಲೆ ತಿದ್ದಿಕೊಂಡು ಹೂ ಮುಡಿಯುವ ಹೆಂಗಸಿನಲ್ಲಿ, ಯಾರಿಗೂ ಎರವಲು ಕೊಡದ ಪುಸ್ತಕಕ್ಕೆ ಬೈಂಡು ಹಾಕಿಸುವ ಓದುಗನಲ್ಲಿ ಇರುವ ಪ್ರೀತಿಯೇ ಇಲ್ಲಿಯೂ ಇರಬಹುದು. ಎಲ್ಲ ಅಲಂಕಾರಗಳಲ್ಲಿ ಇದೇ ಹೆಚ್ಚು ಶುದ್ಧವಾದದ್ದೆಂದರೂ ಸಲ್ಲುತ್ತದೆ.

ಹೀಗೆ ಒಪ್ಪಿಕೊಂಡೆನೆಂದ ಮಾತ್ರಕ್ಕೆ ನಾಲ್ಕುನೂರ ಐವತ್ತು ರೂಪಾಯಿಯ ಪ್ರಶ್ನೆ ತೀರಲಿಲ್ಲ. ಪ್ರಶ್ನೆ ಜಾಗ ಬದಲಿಸಿತು. ‘ಯಾರು ನೋಡುತ್ತಾರೆ?’ ಎನ್ನುವುದನ್ನು ಬಿಟ್ಟು, ‘ಎತ್ತು ನಮ್ಮದೇ?’ ಎಂದು ಕೇಳಬೇಕಾಯಿತು. ನನ್ನ ತಂದೆಯ ಮಾತಿನ ಭಾರವೆಲ್ಲ ಅಲ್ಲಿದೆ. ಆ ಎತ್ತುಗಳೊಡನೆ ಅವರು ಆರು ಮುಂಗಾರು ಹೊಲದಲ್ಲಿ ನಡೆದಿದ್ದರು. ಒಂದರ ಕಾಲಿಗೆ ಮುಳ್ಳು ಮುರಿದಾಗ ರಾತ್ರಿಯಿಡೀ ಕೊಟ್ಟಿಗೆಯಲ್ಲಿ ಕುಳಿತಿದ್ದರು. ಜೂಲ ಬಂದದ್ದು ಆಮೇಲೆ. ಜೂಲವನ್ನು ತಾಯಿ ಹೊಲಿದಿದ್ದಳು. ಕೋಡಣಸನ್ನು ಮಾತ್ರ ಪೇಟೆಯಿಂದಲೇ ರೊಕ್ಕ ಕೊಟ್ಟು ತಂದಿದ್ದರು. ರೊಕ್ಕ ಕೊಟ್ಟು ತಂದದ್ದೆಂದು ಅದರ ಚೆಂದ ಕಡಮೆಯಾಗಿರಲಿಲ್ಲ. ಕೊಳ್ಳುವುದೇ ದೋಷವೆನ್ನುವ ವೈರಾಗ್ಯ ನನಗೆ ಬೇಡ. ಎತ್ತು ಮೊದಲು ಬಂತೋ ಕೋಡಣಸು ಮೊದಲು ಬಂತೋ ಎಂಬುದಷ್ಟೇ ನೋಡಬೇಕಾದದ್ದು.

ಆಟಗಳಲ್ಲಿ ಬಹುಮಟ್ಟಿಗೆ ಇದು ತಿರುಗುಮುರುಗಾಗಿದೆ. ಆಟ ಬಿಡುಗಡೆಯಾಗುವ ಮೊದಲೇ, ಆಡುವವನು ನಾಯಕನ ಮುಖವನ್ನೂ ನೋಡುವ ಮೊದಲೇ, ‘ಈಗಲೇ ಹಣ ಕಟ್ಟಿದರೆ ಇಂಥ ಉಡುಪು’ ಎಂದು ಸಾರುತ್ತಾರೆ. ಕಟ್ಟಿಲ್ಲದ ಎತ್ತಿಗೆ ಜೂಲ ಹೊಲಿಸಿದಂತೆ! ಎತ್ತು ಕುಂಟಾದರೆ, ಆಟ ಸಪ್ಪೆಯಾದರೆ, ಜೂಲವನ್ನು ಏನು ಮಾಡುವುದು? ಮಗಳ ಪೆಟ್ಟಿಗೆಯಲ್ಲಿ ಅಂಥ ಎರಡು ಆಟಗಳಿವೆ. ಉಡುಪು ಬಂತು, ನಾಲ್ಕು ದಿನ ಆಡಿ ಬಿಟ್ಟಳು.

ಎರಡನೆಯದು ಔಚಿತ್ಯದ ಮಾತು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯವನ್ನೇ ಕಾವ್ಯದ ಪ್ರಾಣವೆಂದ. ಸೊಂಟದ ಡಾಬನ್ನು ಕೊರಳಿಗೆ ಬಿಗಿದುಕೊಂಡರೆ ಚಿನ್ನವೂ ನಗೆಪಾಟಲಾಗುತ್ತದೆ ಎಂಬುದು ಅವನ ವಾದದ ತಾತ್ಪರ್ಯ. ಅವನಿಗಿಂತ ಹಿಂದಿನವನಾದ ಆನಂದವರ್ಧನನ ಮಾತು ಇನ್ನೂ ಸೂಕ್ಷ್ಮವಾದದ್ದು. ರಸದಲ್ಲಿ ಮುಳುಗಿದ ಕವಿಗೆ ಅಲಂಕಾರ ಬೇರೊಂದು ಪ್ರಯತ್ನವಿಲ್ಲದೆ ತಾನಾಗಿ ಒದಗಬೇಕು. ಪ್ರತ್ಯೇಕವಾಗಿ ತಂದು ಅಂಟಿಸಿದ್ದು ರಸಕ್ಕೆ ಹೊರಗಿನದು. ಅಂಗಡಿಯಲ್ಲಿ ಪ್ರತ್ಯೇಕವಾಗಿ ಮಾರುವ ಉಡುಪಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇರಲಾರದು. ಮೂರು ಪ್ರಸಿದ್ಧವಾದ ಆಟಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು.

2020ರಲ್ಲಿ ಬಂದ ‘ಘೋಸ್ಟ್ ಆಫ್ ತ್ಸುಶಿಮಾ’ ಎಂಬ ಆಟದ ಕಥೆ 1274ರಲ್ಲಿ ಮಂಗೋಲರು ಜಪಾನಿನ ಒಂದು ದ್ವೀಪದ ಮೇಲೆ ಏರಿಬಂದ ಕಾಲದ್ದು. ಅದರಲ್ಲಿ ನಾಯಕನ ಕವಚದ ಬಣ್ಣ ಬದಲಿಸಬೇಕಾದರೆ ಬಣ್ಣಗಾರನಿಗೆ ಹೂ ಕೊಡಬೇಕು. ಆ ಹೂಗಳನ್ನು ದಾರಿಯ ಬದಿಯಲ್ಲಿ, ಹುಲ್ಲುಗಾವಲಿನಲ್ಲಿ ತಾನೇ ಆಯಬೇಕು. ಊರು ಸುಟ್ಟುಹೋಗಿದೆ, ಜನ ಸತ್ತಿದ್ದಾರೆ. ನಡುವೆ ಒಬ್ಬ ಯೋಧ ಕುದುರೆಯಿಂದ ಬಾಗಿ ಹೂ ಆಯುತ್ತಾನೆ. ಅಲಂಕಾರ ಇಲ್ಲಿ ಕಥೆಯ ಒಳಗಿನಿಂದಲೇ ಅರಳಿತು. ಹೆಚ್ಚಿನ ಬೆಲೆಯ ಆವೃತ್ತಿಯಲ್ಲಿ ಒಂದಿಷ್ಟು ಬೇರೆಯ ವೇಷವನ್ನು ಅವರೂ ಇಟ್ಟಿದ್ದರೆಂಬುದು ನಿಜ. ಆದರೆ ಅದಿಲ್ಲದವನಿಗೆ ಏನೋ ಕಳೆದುಕೊಂಡಂತೆ ಅನ್ನಿಸುವುದಿಲ್ಲ. ಹೂ ಇದೆಯಲ್ಲ!

2015ರಲ್ಲಿ ಪೋಲೆಂಡಿನ ಕಂಪನಿಯೊಂದು ತಂದ ‘ದಿ ವಿಚರ್ 3’ ಇನ್ನೊಂದು ಬಗೆಯದು. ಅದಕ್ಕೆ ಹದಿನಾರು ಸಣ್ಣ ಸೇರ್ಪಡೆಗಳು ಬಂದವು. ಹೊಸ ಕವಚ, ಗಡ್ಡ ಮತ್ತು ತಲೆಗೂದಲಿನ ಹೊಸ ಬಗೆಗಳು, ಕಥೆಯ ಮುಖ್ಯ ಸ್ತ್ರೀಯರಿಗೆ ಬೇರೆ ಉಡುಗೆ ಇವೆಲ್ಲ ಅವುಗಳಲ್ಲಿದ್ದವು. ಆಟ ಕೊಂಡವರಿಗೆ ಎಲ್ಲವೂ ಉಚಿತ. ಹಣ ಕೇಳಿದ್ದು ಆಮೇಲೆ ಬಂದ ದೊಡ್ಡ ಕಥಾಭಾಗಗಳಿಗೆ ಮಾತ್ರ. ಬಟ್ಟೆಯಂಗಡಿಯವನು ಜವಳಿ ಕೊಂಡ ಗಿರಾಕಿಗೆ ಕೈಚೀಲವನ್ನು ಸುಮ್ಮನೆ ಕೊಡುವ ಹಳೆಯ ದಾಕ್ಷಿಣ್ಯದಂತೆ ಇದು.

ಮೂರನೆಯದು 2018ರ ‘ಅಸಾಸಿನ್ಸ್ ಕ್ರೀಡ್ ಒಡಿಸ್ಸಿ’. ಪ್ರಾಚೀನ ಗ್ರೀಸ್ ದೇಶದ ಸಮುದ್ರ, ದೇಗುಲ, ಯುದ್ಧಗಳನ್ನು ಕಟ್ಟಿಕೊಟ್ಟ ಕೌಶಲದಲ್ಲಿ ಕಡಮೆಯಿಲ್ಲ. ಆಡಿ ಗಳಿಸಬಹುದಾದ ಉಡುಪುಗಳೂ ಧಾರಾಳವಾಗಿವೆ. ಆದರೆ ಆಟದೊಳಗೇ ಒಂದು ಅಂಗಡಿಯಿದೆ. ಉಡುಪು, ಹಡಗಿನ ಶೃಂಗಾರ, ಕುದುರೆಯ ವೇಷ, ಜೊತೆಗೆ ನಾಯಕನ ಬೆಳವಣಿಗೆಯ ವೇಗವನ್ನು ಹೆಚ್ಚಿಸುವ ಸೌಲಭ್ಯವೂ ಅಲ್ಲಿ ಮಾರಾಟಕ್ಕಿವೆ. ಈ ಕೊನೆಯದನ್ನು ಕಂಡು, ಮಾರಲೆಂದೇ ಆಟವನ್ನು ನಿಧಾನ ಮಾಡಿದ್ದಾರೆಯೇ ಎಂದು ವಿಮರ್ಶಕರು ಆಗಲೇ ಕೇಳಿದ್ದರು. ಗುಮಾನಿ ನಿಜವೋ ಸುಳ್ಳೋ, ಕಲಾಕೃತಿಯ ನಡುವೆ ಅಂಗಡಿಯ ಬಾಗಿಲು ತೆರೆದರೆ ಇಂಥ ಗುಮಾನಿಯೂ ಆ ಬಾಗಿಲಿನಿಂದಲೇ ಒಳಗೆ ಬರುತ್ತದೆ. ನಾಟಕದ ನಡುವೆ ರಾಜನ ಪಾತ್ರಧಾರಿ ತನ್ನ ಕಿರೀಟದ ಬೆಲೆಯನ್ನು ಪ್ರೇಕ್ಷಕರಿಗೆ ಹೇಳಿದರೆ, ಆಮೇಲೆ ಅವನು ಎಷ್ಟು ಚೆನ್ನಾಗಿ ಅತ್ತರೂ ನಮ್ಮ ಕಣ್ಣು ಕಿರೀಟದ ಮೇಲೆಯೇ.

ಮಾರುವವರ ಪಕ್ಷದಲ್ಲಿಯೂ ಒಂದು ಮಾತುಂಟು. ಇಂಥ ಆಟವೊಂದನ್ನು ಕಟ್ಟುವುದಕ್ಕೆ ನೂರಾರು ಜನ ವರ್ಷಗಟ್ಟಲೆ ದುಡಿಯುತ್ತಾರೆ. ಚಿತ್ರಕಾರರ ಕೆಲಸ ಉಳಿದವರ ಕೆಲಸಕ್ಕಿಂತ ಮೊದಲೇ ಮುಗಿಯುವುದುಂಟು. ಆಮೇಲೆ ಅವರು ಬರೆಯುವ ಉಡುಪನ್ನು ಮಾರಿದರೆ ಅವರ ಸಂಬಳಕ್ಕೂ ದಾರಿಯಾಗುತ್ತದೆ. ಬೇಕಾದವನು ಕೊಳ್ಳಲಿ, ಬೇಡವಾದವನು ಬಿಡಲಿ. ಆಟವಂತೂ ಎಲ್ಲರಿಗೂ ಒಂದೇ. ಇದನ್ನು ತಳ್ಳಿಹಾಕುವಂತಿಲ್ಲ. ಬರೆಯುವುದನ್ನೇ ನೆಚ್ಚಿಕೊಂಡವರ ಕಷ್ಟ ಈ ಪುಟದ ವಾಚಕರಿಗೆ ಹೊಸದಲ್ಲ. ಆದರೆ ನ್ಯಾಯವಾದ ವ್ಯಾಪಾರಕ್ಕೆ ಬೆಲೆಯೂ ನೇರವಾಗಿರಬೇಕು. ಅನೇಕ ಆಟಗಳಲ್ಲಿ ರೂಪಾಯಿ ಕೊಟ್ಟು ಉಡುಪು ಕೊಳ್ಳುವಂತಿಲ್ಲ. ಮೊದಲು ಆ ಆಟದ ನಾಣ್ಯ ಕೊಳ್ಳಬೇಕು. ನಾಣ್ಯವನ್ನು ಮಾರುವ ಪೊಟ್ಟಣದ ಅಳತೆಗೂ ಉಡುಪಿನ ಬೆಲೆಗೂ ಎಂದೂ ಸರಿಹೊಂದುವುದಿಲ್ಲ. ಒಂದಿಷ್ಟು ನಾಣ್ಯ ಉಳಿಯುತ್ತದೆ. ಅದು ವ್ಯರ್ಥವಾಗಬಾರದೆಂದು ಇನ್ನೊಂದು ಪೊಟ್ಟಣ ಬೇಕಾಗುತ್ತದೆ. ಉಳವಿಯ ಜಾತ್ರೆಯ ಅಂಗಡಿಯವನು ಬೆಲೆ ಏರಿಸಿ ಹೇಳಿಯಾನು. ಚಿಲ್ಲರೆಯನ್ನಂತೂ ವಾಪಸು ಕೊಡುತ್ತಾನೆ.

ಇನ್ನು ಎಲ್ಲಕ್ಕಿಂತ ತೊಡಕಾದ ಮಾತು: ಕೊಂಡದ್ದು ನಿಜವಾಗಿ ನಮ್ಮದಾಯಿತೇ? ಕಂಪ್ಯೂಟರ್ ಆಟಗಳ ದೊಡ್ಡ ಅಂಗಡಿಯಾದ ‘ಸ್ಟೀಮ್’ನಲ್ಲಿ 2024ರ ಅಕ್ಟೋಬರಿನಿಂದ ಹಣ ಕಟ್ಟುವ ಮುಂಚೆ ಒಂದು ಸೂಚನೆ ಕಾಣುತ್ತದೆ: ನೀವು ಕೊಳ್ಳುತ್ತಿರುವುದು ವಸ್ತುವಲ್ಲ, ಬಳಸುವ ಪರವಾನಿಗೆ. ಇದನ್ನು ಗಿರಾಕಿಗೆ ಸ್ಪಷ್ಟವಾಗಿ ಹೇಳಲೇಬೇಕೆಂಬ ಕ್ಯಾಲಿಫೋರ್ನಿಯಾದ ಕಾನೂನು 2025ರ ಜನವರಿಯಲ್ಲಿ ಜಾರಿಗೆ ಬಂತು. ಇದು ಬರಿಯ ಕಾಗದದ ಮಾತಲ್ಲ. 2022ರಲ್ಲಿ ಯೂಬಿಸಾಫ್ಟ್ ಕಂಪನಿ ತನ್ನ ಕೆಲವು ಹಳೆಯ ಆಟಗಳ ಆನ್‌ಲೈನ್ ಸೇವೆಯನ್ನು ನಿಲ್ಲಿಸುವಾಗ, ಅವುಗಳಲ್ಲಿ ಹಲವಕ್ಕೆ ಸೇರಿದ ಸೇರ್ಪಡೆಗಳು ಕಂಪ್ಯೂಟರಿನಲ್ಲಿ ಇನ್ನು ದೊರೆಯವೆಂದು ಪ್ರಕಟಿಸಿತು. ಅವುಗಳಲ್ಲಿ ಒಬ್ಬರೇ ಆಡುವ ಕಥೆಯುಳ್ಳ ಆಟಗಳೂ ಇದ್ದವು. ಅಡವಿಯ ನಡುವೆ ಒಂಟಿಯಾಗಿ ನಡೆಯುತ್ತಿದ್ದೇನೆಂದುಕೊಂಡವನ ಹೆಗಲಿನ ಬಟ್ಟೆಯ ದಾರ ದೂರದ ಯಾವುದೋ ಕಚೇರಿಯ ಗೂಟಕ್ಕೆ ಕಟ್ಟಿತ್ತು ಎಂದಂತಾಯಿತು.

ನಮ್ಮ ಕಡೆ ಈ ದಾರ ಇನ್ನೂ ಬೇಗ ಹರಿಯುತ್ತದೆ. ಜೋಯಿಡಾದ ಎಷ್ಟೋ ಹಳ್ಳಿಗಳಲ್ಲಿ ಫೋನಿನ ಸಿಗ್ನಲ್ಲೇ ಇಲ್ಲ. ಅಲ್ಲಿಯ ನನ್ನ ವಿದ್ಯಾರ್ಥಿಯೊಬ್ಬ ದಾಂಡೇಲಿಯ ಗೆಳೆಯನ ಮನೆಯಲ್ಲಿ ಆಟವನ್ನು ಇಳಿಸಿಕೊಂಡು, ಒಂದು ಉಡುಪನ್ನೂ ಕೊಂಡು, ರಜೆಗೆ ಲ್ಯಾಪ್‌ಟಾಪ್ ಹೊತ್ತು ಊರಿಗೆ ಹೋದ. ಊರಿನಲ್ಲಿ ಆಟ ತೆರೆಯಿತು; ಉಡುಪು ಮಾತ್ರ ತೆರೆಯಲಿಲ್ಲ. ಅದು ತೆರೆಯಬೇಕಾದರೆ ಇಂಟರ್ನೆಟ್ ಬೇಕಂತೆ! “ರೊಕ್ಕ ನಂದು, ಅಂಗಿ ಅವರದು ಸರ,” ಎಂದ. ರಜೆಯೆಲ್ಲ ಅವನ ನಾಯಕ ಹಳೆಯ ಅಂಗಿಯಲ್ಲೇ ತಿರುಗಿದ.

ಉಳಿಯದ ವಸ್ತುವಿಗೆ ಬೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ನಮ್ಮ ಜಿಲ್ಲೆಯ ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ವಸಾಹತು ಇದೆ. ಅಲ್ಲಿಯ ಡ್ರೆಪುಂಗ್ ಮಠದ ಭಿಕ್ಷುಗಳು ಬಣ್ಣದ ಮರಳಿನಲ್ಲಿ ಮಂಡಲ ಬರೆಯುವುದರಲ್ಲಿ ಪ್ರಸಿದ್ಧರು. ಪರದೇಶಗಳಿಗೂ ಹೋಗಿ ಬರೆದು ಬಂದಿದ್ದಾರೆ. ಕಾಳುಕಾಳಾಗಿ ಮರಳು ಸುರಿದು, ದಿನಗಟ್ಟಲೆ ಬೆನ್ನು ಬಾಗಿಸಿ ಬರೆದ ಚಿತ್ರವನ್ನು, ಪೂರ್ತಿಯಾದ ಮೇಲೆ ತಾವೇ ಗುಡಿಸಿ ಹರಿಯುವ ನೀರಿಗೆ ಬಿಡುತ್ತಾರೆ. ಉಳಿಯಬೇಕೆಂಬ ಹಟವೇ ಆ ಕಲೆಗೆ ಇಲ್ಲ. ಆದರೆ ಗುಡಿಸುವ ಕೈ ಬರೆದವರದೇ. ಗುಡಿಸುವುದೂ ಪೂಜೆಯ ಒಂದು ಅಂಗ. ಬೇರೊಬ್ಬ ಬಂದು ಖರ್ಚು ಉಳಿಸಲೆಂದು ಗುಡಿಸಿಬಿಟ್ಟರೆ ಅದು ವೈರಾಗ್ಯವಲ್ಲ, ಹಾನಿ. ನಮ್ಮ ಮನೆಯ ಅಟ್ಟದ ಮೇಲೆ ಇವತ್ತಿಗೂ ಆ ಜೂಲವಿದೆ. ಎತ್ತುಗಳು ಎಂದೋ ತೀರಿಹೋದವು, ತಂದೆಯೂ ಇಲ್ಲ. ಜೂಲವನ್ನು ಬಿಡಿಸಿದರೆ ಮೂಲೆಯಲ್ಲಿ ಕೊಂಬು ತಾಗಿ ಹರಿದಲ್ಲಿ ತಾಯಿ ಹಾಕಿದ ತೇಪೆ ಕಾಣುತ್ತದೆ. ಕಂಪ್ಯೂಟರಿನ ಉಡುಪು ಹರಿಯುವುದೂ ಇಲ್ಲ, ತೇಪೆ ಹಾಕಿಸಿಕೊಳ್ಳುವುದೂ ಇಲ್ಲ. ಒಂದು ದಿನ ಇರುತ್ತದೆ, ಮರುದಿನ ಇಲ್ಲ.

ಹಾಗಾದರೆ ಕೊಳ್ಳಬೇಕೋ ಬೇಡವೋ? ವಿಮರ್ಶಕನಾದವನು ಎರಡೂ ಪಕ್ಷ ಹೇಳಿ ಕೈತೊಳೆದುಕೊಳ್ಳಬಾರದು. ನನ್ನ ತೀರ್ಮಾನ ಹೀಗಿದೆ. ಆಟವನ್ನು ಒಮ್ಮೆ ಕೊನೆಮುಟ್ಟ ಆಡುವ ತನಕ ಯಾವ ಉಡುಪನ್ನೂ ಕೊಳ್ಳಕೂಡದು. ಬಿಡುಗಡೆಗೆ ಮುಂಚೆ ಮಾರುವುದನ್ನಂತೂ ಕಣ್ಣೆತ್ತಿಯೂ ನೋಡಕೂಡದು. ಆಡಿ ಮುಗಿಸಿದ ಮೇಲೆ, ಆ ಲೋಕವನ್ನು ಬಿಟ್ಟುಬರಲು ಮನಸ್ಸಾಗದೆ ಮತ್ತೆ ಮೊದಲಿನಿಂದ ಹೊರಡುವ ಆಸೆಯಾದರೆ, ಆಗ ಎತ್ತು ನಮ್ಮದಾಯಿತೆಂದು ತಿಳಿಯಬಹುದು. ಆಗಲೂ ಆ ಉಡುಪು ಆ ಕಥೆಗೆ, ಆ ಕಾಲಕ್ಕೆ ಒಪ್ಪುವುದೇ ಎಂದು ನೋಡಬೇಕು. ಬೆಲೆಯನ್ನು ರೂಪಾಯಿಯಲ್ಲಿ ಎಣಿಸಿಕೊಂಡು, ಇದು ಕೊಂಡದ್ದಲ್ಲ, ಬಾಡಿಗೆಗೆ ತಂದದ್ದು ಎಂಬ ಅರಿವಿನಿಂದ ಕೊಡಬೇಕು. ಹೀಗೆ ಕೊಟ್ಟರೆ ಅದು ದಡ್ಡತನವೆಂದು ನಾನು ಇನ್ನು ನಗಲಾರೆ. ಈ ಕ್ರಮದಲ್ಲಿ ಹೋದರೆ ಹತ್ತರಲ್ಲಿ ಒಂಬತ್ತನ್ನು ಯಾರೂ ಕೊಳ್ಳುವುದಿಲ್ಲವೆಂದು ನನ್ನ ಎಣಿಕೆ. ಕೊಂಡ ಹತ್ತನೆಯದಕ್ಕೆ ಕಾರಣವಿರುತ್ತದೆ.

ಮಗಳ ಪರೀಕ್ಷೆ ಮುಗಿಯಿತು. ಹದಿನೈದು ದಿನ ಕುಳಿತು ಆಟವನ್ನೂ ಮುಗಿಸಿದಳು. ಕೊನೆಯ ರಾತ್ರಿ ನಾನೂ ಹಿಂದೆ ಕುರ್ಚಿ ಹಾಕಿಕೊಂಡು ನೋಡಿದೆ. ತಮ್ಮ ಸಿಕ್ಕ, ಬದುಕಿ ಸಿಗಲಿಲ್ಲ. ಹುಡುಗಿ ಮೊದಲ ದಿನದ ಹರಕು ನಿಲುವಂಗಿಯಲ್ಲೇ ಅವನ ಪಕ್ಕದಲ್ಲಿ ಕುಳಿತಿದ್ದಳು. ಸ್ವಲ್ಪ ಹೊತ್ತು ನಾವಿಬ್ಬರೂ ಮಾತಾಡಲಿಲ್ಲ. ಬರುವ ಜೂನಿನಲ್ಲಿ ನನ್ನ ಮಗಳೂ ಓದಲೆಂದು ಹುಬ್ಬಳ್ಳಿಗೆ ಹೋಗುವವಳು.

ಮರುದಿನ ನಾನೇ ಕೇಳಿದೆ: “ಡ್ರೆಸ್ಸು ಬೇಕಿತ್ತಲ್ಲ, ಕಳಿಸಲೇನು?”

“ಆಕಿಗೆ ಬ್ಯಾಡಪ್ಪಾ. ಆ ಹರಕ ಅಂಗೀಲೇ ಅಷ್ಟೂ ದಾರಿ ನಡದಾಳ. ಈಗ ಬದಲಿಸಿದ್ರ ಬ್ಯಾರೆ ಯಾರೋ ಅನಸ್ತದ.” ಸ್ವಲ್ಪ ತಡೆದು, “ಕುದುರಿಗೆ ಒಂದು ಜೂಲದಂಥಾದ್ದು ಅದ. ನೂರಾ ಇಪ್ಪತ್ತು ರೂಪಾಯಿ. ಇನ್ನೊಮ್ಮೆ ಮೊದಲಿನಿಂದ ಆಡಾಕಿ ನಾ. ಅಷ್ಟೂ ದಾರಿ ಹೊತ್ತದ್ದು ಅದಲ್ಲೇನು?” ಎಂದಳು.

ಹತ್ತೊಂಬತ್ತು ವರ್ಷದಿಂದ ಲೋಕ ನಗುತ್ತ ಬಂದ ಆ ಕುದುರೆಯ ಕವಚವೇ ಕೊನೆಗೆ ನಮ್ಮ ಮನೆಗೂ ಬಂತು. ನಾಳೆ ಆ ಅಂಗಡಿ ಮುಚ್ಚಿದರೆ ಜೂಲವೂ ಹೋಗುತ್ತದೆಂದು ಅವಳಿಗೆ ಹೇಳಿದೆ. “ಗ್ವತ್ತದ,” ಎಂದಳು. ನಾನು ಫೋನು ತೆಗೆದು ನೂರ ಇಪ್ಪತ್ತು ರೂಪಾಯಿ ಕಳಿಸಿದೆ. ಅಜ್ಜಿ ಕೊಟ್ಟ ರೊಕ್ಕವನ್ನು ಅವಳಿಂದ ತೆಗೆದುಕೊಳ್ಳಲಿಲ್ಲ.